ಪಡಸಾಲೆ ಟಿವಿಗೆ ಅಗ್ಗದ ಸ್ಟಿಕ್, ಮಕ್ಕಳ ಆಟಕ್ಕೆ ಕಂಟ್ರೋಲರ್: ರೊಕ್ಕ ಕೊಡುವ ಮುಂಚೆ ಏನೇನು ನೋಡಬೇಕು

ವಿಜಯಪುರದ ಗಾಂಧಿ ಚೌಕದ ಕಡೆ ಒಂದು ಮೊಬೈಲ್ ಅಂಗಡಿಗೆ ಹೋಗಿ, "ಟಿವಿಗೆ ಹಚ್ಚೂ ಬಾಕ್ಸ್ ಐತೇನ್ರೀ?" ಎಂದು ಕೇಳಿ ನೋಡಿ. ಹೆಚ್ಚಾಗಿ ಎರಡು ಡಬ್ಬಿ ಮುಂದೆ ಬರುತ್ತವೆ. ಒಂದು ಹೆಸರಾಂತ ಕಂಪನಿಯ ಸ್ಟಿಕ್, ಅಂದರೆ ಟಿವಿಗೆ ಚುಚ್ಚಿದರೆ ನೆಟ್‌ನಿಂದ ಯೂಟ್ಯೂಬ್, ಸಿನಿಮಾ ತೋರಿಸುವ ಸಣ್ಣ ಸಾಧನ. ಇನ್ನೊಂದು ಕರಿ ಬಾಕ್ಸ್. ಅದರ ಮೇಲೆ 8ಕೆ, 128 ಜಿಬಿ, ಆಂಡ್ರಾಯ್ಡ್ 13 ಅಂತೆಲ್ಲ ದಪ್ಪ ಅಕ್ಷರ. "ಅಣ್ಣಾರ, ಇದರಾಗ ಎಲ್ಲಾ ಫ್ರೀ ಬರ್ತೈತ್ರೀ, ತಿಂಗಳಾ ರೊಕ್ಕ ತುಂಬೂದಿಲ್ಲ" ಎನ್ನುವ ಮಾತು ಬರುವುದು ಈ ಎರಡನೆಯದನ್ನು ತೋರಿಸುವಾಗಲೇ.

ಅದನ್ನು ಯಾಕೆ ಮುಟ್ಟಬಾರದು ಎಂದು ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ಮನೆಯಲ್ಲೇ ಒಂದಿಷ್ಟು ಕೆಲಸ ಇದೆ. ಸ್ಟಿಕ್ಕು, ಗೇಮ್ ಕಂಟ್ರೋಲರ್, ಕರೆಂಟಿನ ವ್ಯವಸ್ಥೆ ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಯಬೇಕು ಎಂಬ ಲೆಕ್ಕ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಮುಗಿಯುತ್ತದೆ. ಆದರೆ ಅಂಗಡಿಯಿಂದ ಶುರು ಮಾಡಿದರೆ ಮುಗಿಯುವುದಿಲ್ಲ, ಟಿವಿ ಹಿಂಭಾಗದಿಂದ ಶುರು ಮಾಡಬೇಕು.

ಮೊದಲು ಟಿವಿ ಹಿಂದೆ ಕೈ ಹಾಕಿ

ಮೊಬೈಲ್ ಟಾರ್ಚ್ ಹಿಡಿದು ಟಿವಿಯ ಹಿಂದೆ, ಬದಿಯಲ್ಲಿ ಯಾವ ಯಾವ ಕಿಂಡಿ ಇವೆ ನೋಡಿ, ಒಂದು ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ಬಾಯಲ್ಲಿ ವಿವರಿಸುವುದಕ್ಕಿಂತ ಆ ಫೋಟೊ ತೋರಿಸುವುದು ಸಲೀಸು. ಎಚ್‌ಡಿಎಂಐ ಎಂದು ಬರೆದ ಅಗಲ ಕಿಂಡಿ ಖಾಲಿ ಇದೆಯಾ? ಹೆಚ್ಚಿನ ಎಲ್‌ಇಡಿ ಟಿವಿಗಳಲ್ಲಿ ಎರಡು ಇರುತ್ತವೆ. ಒಂದರಲ್ಲಿ ಕೇಬಲ್ ಅಥವಾ ಡಿಶ್ ಬಾಕ್ಸ್ ಕೂತಿರುತ್ತದೆ. ಯಾವುದಾದರೊಂದರ ಪಕ್ಕ ಎಆರ್‌ಸಿ (ಟಿವಿಯ ಸದ್ದು ಹೊರಗೆ ಕಳಿಸುವ ಕಿಂಡಿ) ಎಂದು ಬರೆದಿದ್ದರೆ ಅದನ್ನು ಸೌಂಡ್‌ಬಾರ್‌ಗೆ ಬಿಟ್ಟು, ಉಳಿದದ್ದನ್ನು ಸ್ಟಿಕ್‌ಗೆ ಇಟ್ಟುಕೊಳ್ಳಿ. ಸೌಂಡ್‌ಬಾರ್ ಇಲ್ಲದಿದ್ದರೆ ಯಾವುದಾದರೂ ನಡೆಯುತ್ತದೆ.

ಎಚ್‌ಡಿಎಂಐ ಇಲ್ಲ, ಕೆಂಪು-ಬಿಳಿ-ಹಳದಿ ಕಿಂಡಿ ಮಾತ್ರ ಇವೆ ಎಂದರೆ ಟಿವಿ ಹಳೆಯದು. ಕನ್ವರ್ಟರ್ ಎಂಬ ಸಣ್ಣ ಡಬ್ಬಿ ನಾಲ್ಕೈದು ನೂರಕ್ಕೆ ಸಿಗುತ್ತದೆ. ಇಲ್ಲಿ ಒಂದು ಎಡವಟ್ಟು ಆಗುವುದುಂಟು. ನೋಡಲು ಒಂದೇ ತರ ಇರುವ ಎರಡು ಡಬ್ಬಿ ಮಾರುತ್ತಾರೆ. ಒಂದು ಎಚ್‌ಡಿಎಂಐಯಿಂದ ಎವಿಗೆ, ಇನ್ನೊಂದು ಎವಿಯಿಂದ ಎಚ್‌ಡಿಎಂಐಗೆ. ನಿಮಗೆ ಬೇಕಾದದ್ದು ಮೊದಲನೆಯದು. ಎರಡನೆಯದು ಹಚ್ಚಿದರೆ ಏನು ಮಾಡಿದರೂ ಚಿತ್ರ ಬರುವುದಿಲ್ಲ. ಸರಿಯಾದದ್ದೇ ತಂದರೂ ಹಳೇ ಡಬ್ಬಾ ಟಿವಿಯಲ್ಲಿ ಅಕ್ಷರ ಮಸುಕಾಗಿಯೇ ಕಾಣುತ್ತವೆ. ಧಾರಾವಾಹಿ, ಹಾಡು ನೋಡಲು ಸಾಕು. ಆಟಕ್ಕೆ ಬೇಡ.

ಟಿವಿ ಸ್ಮಾರ್ಟೇ ಇದೆ, ಆದರೆ ಕುಂಟುತ್ತಿದೆ ಎನ್ನುವವರು ಬಹಳ. ಐದಾರು ವರ್ಷದ ಹಿಂದೆ ಕೊಂಡ ಅಗ್ಗದ ಸ್ಮಾರ್ಟ್ ಟಿವಿಗಳಲ್ಲಿ ಯೂಟ್ಯೂಬ್ ತೆರೆಯಲು ಅರ್ಧ ನಿಮಿಷ ಬೇಕಾಗುತ್ತದೆ. ಹೊಸ ಸ್ಟಿಕ್‌ಗೆ ರೊಕ್ಕ ಹಾಕುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಬೇಡದ ಆ್ಯಪ್‌ಗಳನ್ನು ತೆಗೆಯಿರಿ, ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಮಾಡಿ. ಆಗಲೂ ಸುಧಾರಿಸದಿದ್ದರೆ ಫ್ಯಾಕ್ಟರಿ ರೀಸೆಟ್. ಪುಕ್ಕಟೆ ಕೆಲಸ, ಒಂದು ತಾಸು ಹಿಡಿಯಬಹುದು. ಅದರಿಂದಲೂ ಏಳಲಿಲ್ಲ ಎಂದರೆ ಟಿವಿ ಬದಲಿಸುವ ಅಗತ್ಯ ಇಲ್ಲ. ಪರದೆ ಚೆನ್ನಾಗಿದ್ದರೆ ಅದನ್ನು ಬರೀ ಪರದೆಯಾಗಿ ಬಳಸಿ, ತಲೆಯ ಕೆಲಸ ಸ್ಟಿಕ್‌ಗೆ ಬಿಡಿ.

ಆಮೇಲೆ ನೆಟ್

ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕ ಹೀಗಿದೆ: 720ಪಿ ಎಂಬ ಸಾದಾ ಎಚ್‌ಡಿ ಚಿತ್ರಕ್ಕೆ 3 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗ), 1080ಪಿ ಎಂಬ ಫುಲ್ ಎಚ್‌ಡಿಗೆ 5, ಅದಕ್ಕಿಂತ ಸ್ಪಷ್ಟವಾದ 4ಕೆಗೆ 15. ಅಂದರೆ 30 ಎಂಬಿಪಿಎಸ್‌ನ ಸಾದಾ ಬ್ರಾಡ್‌ಬ್ಯಾಂಡ್ ಇದ್ದರೂ ಮನೆಗೆ ಸಾಲುತ್ತದೆ. ಸಮಸ್ಯೆ ಬರುವುದು ಮೊಬೈಲ್ ಹಾಟ್‌ಸ್ಪಾಟ್ ನಂಬಿ ಸ್ಟಿಕ್ ಕೊಂಡವರಿಗೆ. ಎಚ್‌ಡಿಯಲ್ಲಿ ತಾಸಿಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಡೇಟಾ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಇರುವ ಪ್ಯಾಕ್‌ನಲ್ಲಿ ಅರ್ಧ ಸಿನಿಮಾಕ್ಕೇ ಡೇಟಾ ಖಾಲಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಹಾಕಿಸುವ ವಿಚಾರವೂ ಇಲ್ಲ ಎಂದರೆ ಸ್ಟಿಕ್ ತರುವುದೇ ಬೇಡ, ಡಿಡಿ ಫ್ರೀ ಡಿಶ್ ಅಥವಾ ಕೇಬಲ್ ಇರಲಿ.

ಬ್ರಾಡ್‌ಬ್ಯಾಂಡ್ ಹೊಸದಾಗಿ ಹಾಕಿಸುವವರು ಒಂದು ಮಾತು ಕೇಳಿಕೊಳ್ಳಿ. ಜಿಯೋ, ಏರ್‌ಟೆಲ್‌ನ ಕೆಲವು ಪ್ಲಾನ್‌ಗಳ ಜೊತೆ ಸೆಟ್-ಟಾಪ್ ಬಾಕ್ಸ್ ಬರುತ್ತದೆ. ಅದು ಬಂದರೆ ಬೇರೆ ಸ್ಟಿಕ್ ಬೇಕಾಗದೇ ಇರಬಹುದು. ಏರ್‌ಟೆಲ್‌ನ ಎಕ್ಸ್‌ಸ್ಟ್ರೀಮ್ ಬಾಕ್ಸ್‌ನಲ್ಲಿ ಆಂಡ್ರಾಯ್ಡ್ ಟಿವಿ ಇದೆ, ಗೂಗಲ್ ಪ್ಲೇ ಸ್ಟೋರ್ ಸಿಗುತ್ತದೆ. ಜಿಯೋ ಬಾಕ್ಸ್‌ನಲ್ಲಿ ಜಿಯೋದ್ದೇ ಆ್ಯಪ್ ಸ್ಟೋರ್, ಜಿಯೋಗೇಮ್ಸ್ ಕೂಡ ಅದರಲ್ಲೇ ಇದೆ. ಬಾಕ್ಸ್ ನಿಮ್ಮದಾಗುತ್ತದೋ, ಕನೆಕ್ಷನ್ ಬಿಟ್ಟಾಗ ವಾಪಸ್ ಕೊಡಬೇಕೋ ಎಂದು ಮೊದಲೇ ಕೇಳಿ. ಡಿಪಾಸಿಟ್ ಇದ್ದರೆ ರಸೀದಿ ಇಸಿದುಕೊಳ್ಳಿ.

ಇನ್ನೊಂದು ನಮ್ಮ ಊರಿನ ತೊಂದರೆ, ಗೋಡೆ. ವಿಜಯಪುರದ ಹಳೇ ಓಣಿಗಳಲ್ಲಿ, ಬಾಗಲಕೋಟೆಯ ಹಳೇ ಊರಿನಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆಗಳು ಇನ್ನೂ ಇವೆ. ರೂಟರ್ ಹೊರಗಿನ ಖೋಲಿಯಲ್ಲಿ, ಟಿವಿ ಒಳಗಿನ ಪಡಸಾಲೆಯಲ್ಲಿ ಇದ್ದರೆ 5 ಗಿಗಾಹರ್ಟ್ಸ್ ವೈಫೈ ಆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. 2.4 ದಾಟುತ್ತದೆ, ಆದರೆ ವೇಗ ಕಡಿಮೆ. ಬಾಗಲಕೋಟೆಯ ನವನಗರದ ಸೆಕ್ಟರ್ ಮನೆಗಳಲ್ಲಿ, ಬೆಳಗಾವಿಯ ಟಿಳಕವಾಡಿ ಫ್ಲ್ಯಾಟ್‌ಗಳಲ್ಲಿ ಇದು ಅಷ್ಟು ಕಾಡುವುದಿಲ್ಲ. ಟಿವಿ ಇರುವ ಜಾಗದಲ್ಲೇ ನಿಂತು ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ. ರೂಟರ್ ಪಕ್ಕ ನಿಂತು ಮಾಡಿದ ಟೆಸ್ಟ್‌ನಿಂದ ಏನೂ ಗೊತ್ತಾಗುವುದಿಲ್ಲ. ಟಿವಿ ಹತ್ತಿರ 10 ಎಂಬಿಪಿಎಸ್ ಕೂಡ ಬರದಿದ್ದರೆ ಮೊದಲು ರೂಟರ್ ಜಾಗ ಬದಲಿಸಿ. ನೆಟ್ ಹಾಕುವ ಹುಡುಗ ಬಂದಾಗಲೇ "ತಮ್ಮಾ, ರೂಟರ್ ಟಿವಿ ಹಂತೇಕ ಹಚ್ಚು" ಎಂದು ಹೇಳಿಬಿಟ್ಟರೆ ಆಮೇಲಿನ ರಗಳೆ ಎಷ್ಟೋ ತಪ್ಪುತ್ತದೆ.

ಯಾರು ಏನು ನೋಡುತ್ತಾರೆ ಎಂದು ಬರೆದುಕೊಳ್ಳಿ

ಸ್ಟಿಕ್‌ನ ಬೆಲೆ ಒಂದು ಸಲ. ಆ್ಯಪ್‌ಗಳ ಚಂದಾ ಮಾತ್ರ ತಿರುತಿರುಗಿ ಬರುತ್ತದೆ. ಹಾಗಾಗಿ ಮನೆಯವರನ್ನು ಕೇಳಿ. ಅವ್ವನಿಗೆ ಜೀ ಕನ್ನಡದ ಧಾರಾವಾಹಿ ಬೇಕಾದರೆ ಜೀ5. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಜಿಯೋಹಾಟ್‌ಸ್ಟಾರ್‌ನಲ್ಲಿವೆ. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಸೇರಿ ಒಂದಾದ ಮೇಲೆ ಎರಡು ಚಂದಾ ಕಟ್ಟುವುದು ತಪ್ಪಿತು. ಉದಯ ಟಿವಿಗೆ ಸನ್ ನೆಕ್ಸ್ಟ್. ಬೆಳಗಾವಿ ಕಡೆ ಮರಾಠಿಯೂ ನೋಡುವ ಮನೆಗಳಿಗೆ ಜೀ ಮರಾಠಿ, ಸ್ಟಾರ್ ಪ್ರವಾಹ ಇವೇ ಆ್ಯಪ್‌ಗಳಲ್ಲಿ ಬರುತ್ತವೆ, ಬೇರೆ ಖರ್ಚಿಲ್ಲ. ಚಂದನ ನೋಡುವ ಅಜ್ಜನಿಗೆ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಇದೆ, 2024ರ ನವೆಂಬರ್‌ನಲ್ಲಿ ಶುರುವಾದದ್ದು.

ಪಟ್ಟಿಯಲ್ಲಿ ಎರಡು ಆ್ಯಪ್ ಸಾಕು ಎಂದು ಬಂದರೆ ಎರಡಕ್ಕೇ ನಿಲ್ಲಿ. ಯೂಟ್ಯೂಬ್ ಹೇಗೂ ಪುಕ್ಕಟೆ. ನಮ್ಮ ಕಡೆ ಮನೆಗಳಲ್ಲಿ ಟಿವಿ ಮೇಲೆ ಹೆಚ್ಚು ಓಡುವುದೂ ಅದೇ ಎಂದು ನನ್ನ ಅನಿಸಿಕೆ. ಭಜನೆ, ನಾಟಕ, ಜವಾರಿ ಕಾಮಿಡಿ, ಕುಸ್ತಿ ಎಲ್ಲ ಅಲ್ಲೇ ಸಿಗುತ್ತವೆ.

ಸ್ಟಿಕ್ ಆರಿಸುವುದು

ಟಿವಿ 32 ಇಂಚಿನದು, ಅಥವಾ ಫುಲ್ ಎಚ್‌ಡಿ ಎಂದರೆ 4ಕೆ ಸ್ಟಿಕ್‌ಗೆ ಹೆಚ್ಚು ರೊಕ್ಕ ಕೊಡಬೇಡಿ. ಪರದೆಯಲ್ಲಿ ಅಷ್ಟು ಚುಕ್ಕೆಗಳೇ ಇಲ್ಲ, ಕಾಣುವುದಾದರೂ ಹೇಗೆ? ಆದರೆ ಇದಕ್ಕೊಂದು ತಿದ್ದುಪಡಿ ಇದೆ. ಮಕ್ಕಳು ಆಟ ಆಡುವವರಿದ್ದರೆ ಆ್ಯಪ್ ಓಡುವಾಗ ಕೆಲಸಕ್ಕೆ ಬರುವ ಮೆಮೊರಿ, ಅಂದರೆ ರ್‍ಯಾಮ್ ನೋಡಿ. ಅಗ್ಗದ ಎಚ್‌ಡಿ ಸ್ಟಿಕ್‌ಗಳಲ್ಲಿ 1 ಜಿಬಿ ರ್‍ಯಾಮ್, 8 ಜಿಬಿ ಸ್ಟೋರೇಜ್ ಇರುತ್ತದೆ. ಆ ಎಂಟರಲ್ಲೂ ನಿಮ್ಮ ಕೈಗೆ ಸಿಗುವುದು ಐದರ ಆಸುಪಾಸು. ನಾಲ್ಕೈದು ಆ್ಯಪ್, ಒಂದು ದೊಡ್ಡ ಆಟ ಹಾಕಿದರೆ "ಜಾಗ ಇಲ್ಲ" ಎನ್ನುತ್ತದೆ. ಶಿಯೋಮಿಯ 4ಕೆ ಸ್ಟಿಕ್, ಅಮೆಜಾನ್‌ನ ಫೈರ್ ಟಿವಿ 4ಕೆ ಮ್ಯಾಕ್ಸ್ ತರಹದವುಗಳಲ್ಲಿ 2 ಜಿಬಿ ರ್‍ಯಾಮ್ ಇರುತ್ತದೆ. ಆಟಕ್ಕಾಗಿ 4ಕೆ ಕೊಳ್ಳುವುದಾದರೆ ಕಾರಣ ಚಿತ್ರ ಅಲ್ಲ, ಈ ರ್‍ಯಾಮ್.

ಫೈರ್ ಟಿವಿಯೋ ಗೂಗಲ್ ಟಿವಿಯೋ ಎಂಬ ಚರ್ಚೆ ಉದ್ದ ಎಳೆಯುವಂಥದ್ದೇನಲ್ಲ. ಪ್ರೈಮ್ ಜಾಸ್ತಿ ನೋಡುವ ಮನೆಗೆ ಫೈರ್ ಸ್ಟಿಕ್ ಸರಿ. ಮೊಬೈಲ್‌ನಲ್ಲಿರುವ ವಿಡಿಯೊ ಟಿವಿಗೆ ಕಳಿಸುವ ರೂಢಿ ಇರುವವರಿಗೆ, ಪ್ಲೇ ಸ್ಟೋರ್‌ನ ಆಟ ಬೇಕೆನ್ನುವವರಿಗೆ ಗೂಗಲ್ ಟಿವಿ ಇರುವ ಸ್ಟಿಕ್ ಅಥವಾ ಬಾಕ್ಸ್ ಒಳ್ಳೆಯದು. ಒಂದು ಸಂಗತಿ ಮಾತ್ರ ಗಮನದಲ್ಲಿರಲಿ. ಅಮೆಜಾನ್ 2025ರ ಕೊನೆಗೆ ತಂದ ಫೈರ್ ಟಿವಿ ಸ್ಟಿಕ್ 4ಕೆ ಸೆಲೆಕ್ಟ್‌ನಲ್ಲಿ ಇರುವುದು ಆಂಡ್ರಾಯ್ಡ್ ಮೂಲದ ಸಾಫ್ಟ್‌ವೇರ್ ಅಲ್ಲ, ವೇಗಾ ಎಂಬ ಅವರದೇ ಹೊಸದು. ಪೆನ್‌ಡ್ರೈವ್‌ನಿಂದ ಎಪಿಕೆ (ಸ್ಟೋರ್‌ನ ಹೊರಗಿಂದ ತಂದ ಆ್ಯಪ್ ಫೈಲ್) ಹಾಕಿ ಆಡುತ್ತಿದ್ದ ಹುಡುಗರಿಗೆ ಅದರಲ್ಲಿ ಆ ದಾರಿ ಇಲ್ಲ. ಸಿನಿಮಾ ನೋಡುವವರಿಗೆ ಇದರಿಂದ ಏನೂ ತೊಂದರೆಯಿಲ್ಲ.

ಬೆಲೆ ದಿನಕ್ಕೊಂದು ತರ ಇರುತ್ತದೆ. ಮಾಮೂಲು ದಿನ ನಾಲ್ಕೈದು ಸಾವಿರ ಹೇಳುವ ಎಚ್‌ಡಿ ಸ್ಟಿಕ್ ದಸರಾ-ದೀಪಾವಳಿ ಸೇಲ್‌ನಲ್ಲಿ ಮೂರು, ಮೂರೂವರೆಗೆ ಇಳಿಯುವುದುಂಟು. ಅವಸರ ಇಲ್ಲದಿದ್ದರೆ ಕಾಯಿರಿ.

"ಎಲ್ಲಾ ಫ್ರೀ" ಬಾಕ್ಸ್‌ನ ಒಳಗುಟ್ಟು

ಈಗ ಆ ಕರಿ ಬಾಕ್ಸ್‌ಗೆ ಬರೋಣ. ಎರಡು ಸಾವಿರಕ್ಕೆ 8 ಜಿಬಿ ರ್‍ಯಾಮ್, 128 ಜಿಬಿ ಸ್ಟೋರೇಜ್ ಕೊಡುತ್ತೇನೆ ಎಂದರೆ ಅಲ್ಲೇ ಅನುಮಾನ ಬರಬೇಕು. ಇಂಥ ಬಾಕ್ಸ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದರೆ ಡಬ್ಬಿ ಮೇಲಿನ ಅಂಕಿಯೇ ಕಾಣುವಂತೆ ತಿದ್ದಿ ಬಿಟ್ಟಿರುವುದೂ ಇದೆ, ಒಳಗಿನ ಚಿಪ್ ಮಾತ್ರ ಹಳೆಯದು.

ಅಂಕಿ ಸುಳ್ಳಾದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. 2023ರ ಜನವರಿಯಲ್ಲಿ ಟಿ95 ಎಂಬ ಹೆಸರಿನ ಇಂಥದ್ದೇ ಅಗ್ಗದ ಬಾಕ್ಸ್‌ನಲ್ಲಿ ಕಾರ್ಖಾನೆಯಿಂದಲೇ ಮಾಲ್‌ವೇರ್ ಎಂಬ ಕಳ್ಳ ಸಾಫ್ಟ್‌ವೇರ್ ಸೇರಿ ಬಂದಿರುವುದನ್ನು ಕೆನಡಾದ ಭದ್ರತಾ ತಜ್ಞರೊಬ್ಬರು ಹಿಡಿದರು. ಆಮೇಲೆ ಇದು ಒಂದು ಬಾಕ್ಸ್‌ನ ಕಥೆಯಲ್ಲ ಎಂದು ಗೊತ್ತಾಯಿತು. ಬ್ಯಾಡ್‌ಬಾಕ್ಸ್ ಎಂದು ಹೆಸರಿಟ್ಟ ಈ ಜಾಲದ ಬಗ್ಗೆ 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಜನರಿಗೆ ಎಚ್ಚರಿಕೆ ಕೊಟ್ಟಿತು. ಮರುತಿಂಗಳು ಗೂಗಲ್ ನ್ಯೂಯಾರ್ಕ್‌ನ ಕೋರ್ಟಿಗೆ ಹೋಯಿತು. 1 ಕೋಟಿಗೂ ಹೆಚ್ಚು ಸರ್ಟಿಫಿಕೇಟ್ ಇಲ್ಲದ ಸಾಧನಗಳು ಇದರ ಹಿಡಿತದಲ್ಲಿವೆ ಎನ್ನುವುದು ಅದರ ಆರೋಪ. ಇವು ಮಾಡುವ ಕೆಲಸ ಏನು? ನಿಮ್ಮ ಮನೆಯ ನೆಟ್ ಅನ್ನು ಗೊತ್ತಿಲ್ಲದ ಯಾರಿಗೋ ಬಾಡಿಗೆಗೆ ಬಿಟ್ಟಂತೆ ಬಿಡುತ್ತವೆ. ಅವರು ಮಾಡುವ ಮೋಸ ನಿಮ್ಮ ಮನೆ ವಿಳಾಸದಿಂದ ಹೋದಂತೆ ಕಾಣುತ್ತದೆ. ಅದೇ ವೈಫೈನಲ್ಲಿ ನೀವು ಫೋನ್‌ಪೇ ಮಾಡುತ್ತೀರಿ, ಅಲ್ವಾ?

ಇಷ್ಟೆಲ್ಲ ಬಿಡಿ, ಇದರಲ್ಲಿ ಚಿತ್ರವೂ ಚೆನ್ನಾಗಿ ಬರುವುದಿಲ್ಲ. ನೆಟ್‌ಫ್ಲಿಕ್ಸ್, ಪ್ರೈಮ್ ಮುಂತಾದವು ನಕಲು ತಡೆಯಲು ವೈಡ್‌ವೈನ್ ಎಂಬ ಬೀಗ ಬಳಸುತ್ತವೆ. ಸಾಧನಕ್ಕೆ ಎಲ್1 ಮಟ್ಟ ಇದ್ದರೆ ಎಚ್‌ಡಿ, 4ಕೆ. ಇಂಥ ಬಾಕ್ಸ್‌ಗಳಲ್ಲಿ ಹೆಚ್ಚಾಗಿ ಇರುವ ಎಲ್3 ಆದರೆ 480ಪಿಗೇ ನಿಲ್ಲುತ್ತದೆ. ಚಂದಾ ಪೂರ್ತಿ ಕಟ್ಟಿ ಹಳೇ ಸಿಡಿ ಕಾಲದ ಚಿತ್ರ ನೋಡಬೇಕು.

ಅಂಗಡಿಯಲ್ಲಿ ತಪಾಸಣೆ ಹೀಗೆ. ಬಾಕ್ಸ್ ಹಚ್ಚಿಸಿ, ಪ್ಲೇ ಸ್ಟೋರ್ ತೆರೆಸಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಎಂಬಲ್ಲಿ ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್ ಎಂದಿರುತ್ತದೆ. ಸಾಧನ ಸರ್ಟಿಫೈಡ್ ಎಂದು ತೋರಿಸದಿದ್ದರೆ ನಮಸ್ಕಾರ ಹೇಳಿ ಬನ್ನಿ. ಹಚ್ಚಿ ತೋರಿಸುವುದಿಲ್ಲ ಎಂದರೂ ಅಷ್ಟೇ. ಜೊತೆಗೆ ಡಬ್ಬಿಯ ಮೇಲೆ, ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿ, ಯಾವ ವಸ್ತುವಿಗೆ ಕೊಟ್ಟದ್ದು ಎಂದು ಬರುತ್ತದೆ. ಅಂಗಡಿಯ ಅಣ್ಣಾವ್ರಿಗೆ ಸ್ವಲ್ಪ ಬೇಜಾರಾಗಬಹುದು. ಆಗಲಿ ಬಿಡಿ.

ಹಚ್ಚುವಾಗ: ಬಿಸಿಲು, ಧೂಳು, ಕರೆಂಟು

ಸ್ಟಿಕ್ ತಂದ ದಿನ ಎಲ್ಲರೂ ಮಾಡುವುದೊಂದು: ಅದರ ಯುಎಸ್‌ಬಿ ವಯರನ್ನು ಟಿವಿಯ ಯುಎಸ್‌ಬಿ ಕಿಂಡಿಗೇ ಚುಚ್ಚಿಬಿಡುವುದು. ಸಾದಾ ಯುಎಸ್‌ಬಿ 2.0 ಕಿಂಡಿ ಅರ್ಧ ಆಂಪಿಯರ್ ಕೊಡುವಂಥದ್ದು. ಸ್ಟಿಕ್‌ಗೆ ಒಂದು ಆಂಪಿಯರ್ ಬೇಕು. ಮೊದಮೊದಲು ನಡೆಯುತ್ತದೆ, ಆಮೇಲೆ ಸಿನಿಮಾ ನಡುವೆ ತಾನೇ ಆಫ್ ಆಗಿ ಆನ್ ಆಗುತ್ತದೆ. ಡಬ್ಬಿಯಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ.

ಜೊತೆಗೆ ಒಂದು ಗೇಣುದ್ದದ ಎಚ್‌ಡಿಎಂಐ ತುಂಡು ವಯರ್ ಕೊಟ್ಟಿರುತ್ತಾರಲ್ಲ, ಅದನ್ನು ಎಸೆಯಬೇಡಿ. ಸ್ಟಿಕ್ ಟಿವಿಯ ಬೆನ್ನಿಗೆ ಅಂಟಿ ಕೂತರೆ ಟಿವಿಯ ಬಿಸಿ ಅದಕ್ಕೂ ತಾಗುತ್ತದೆ, ವೈಫೈಗೂ ಅಡ್ಡಿ. ಆ ತುಂಡಿನಿಂದ ಹೊರಗೆ ತೂಗುಬಿಟ್ಟರೆ ಎರಡೂ ಸರಿ. ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಬಾಕ್ಸ್ ಇಟ್ಟು ಬಾಗಿಲು ಹಾಕಿದರೆ ಮಧ್ಯಾಹ್ನ ಅದು ಕೈ ಸುಡುತ್ತದೆ. ಬಿಸಿಯಾದ ಸ್ಟಿಕ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಟ ತಡೆತಡೆದು ಓಡುವುದಕ್ಕೆ ಬೇಸಿಗೆಯಲ್ಲಿ ಇದೂ ಒಂದು ಕಾರಣ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಕರೆಂಟಿನದು ದೊಡ್ಡ ವಿಷಯ. ಇನ್ವರ್ಟರ್ ಇದ್ದರೂ ಟಿವಿ ಪಾಯಿಂಟ್ ಆ ಲೈನಿನಲ್ಲಿ ಇದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನ್ ಫ್ಯಾನು, ಲೈಟಿಗೆ ಮಾತ್ರ. ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಮತ್ತೆ ಏಳಲು ಎರಡು-ಮೂರು ನಿಮಿಷ ಹಿಡಿಯುತ್ತದೆ. ಮಿನಿ ಯುಪಿಎಸ್ ಎಂಬ ಕೈಯಗಲದ ಡಬ್ಬಿ ಸಾವಿರದಿಂದ ಒಂದೂವರೆ ಸಾವಿರಕ್ಕೆ ಸಿಗುತ್ತದೆ, ಅದರಿಂದ ರೂಟರ್ ಆಫ್ ಆಗುವುದೇ ಇಲ್ಲ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ 12 ವೋಲ್ಟ್, 1 ಆಂಪಿಯರ್ ಅಥವಾ 2 ಆಂಪಿಯರ್ ಎಂದಿರುತ್ತದೆ. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ಸುಟ್ಟೀತು. ಫೈಬರ್ ವಯರ್ ಬಂದು ಸೇರುವ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಕರೆಂಟ್ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಎಚ್‌ಡಿಎಂಐ ವಯರ್ ಬೇರೆ ಬೇಕಾದರೆ ಇನ್ನೂರು-ಮುನ್ನೂರರದ್ದು ಸಾಕು. ಬಂಗಾರದ ಲೇಪ, 8ಕೆ ಎಂದು ಸಾವಿರ ಕೇಳುವುದು ಸುಮ್ನೆ.

ಆಟದ ಸಾಮಾನು

ಇಲ್ಲಿ ಮಕ್ಕಳ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. "ಪಪ್ಪಾ, ಟಿವಿಯಾಗ ಬಿಜಿಎಂಐ ಆಡಬಹುದಲ್ಲ?" ಎಂದು ಕೇಳುತ್ತಾರೆ. ಬಿಜಿಎಂಐ ಮೊಬೈಲ್‌ನ ಗುಂಡಿನ ಕಾಳಗದ ಆಟ, ಟಿವಿಗೆ ಅಂತ ಅದು ಬಂದೇ ಇಲ್ಲ. ಮೊಬೈಲ್ ಪರದೆಯನ್ನು ವೈಫೈನಲ್ಲಿ ಟಿವಿಗೆ ಕಳಿಸಿ ಆಡಬಹುದು, ಆದರೆ ಬೆರಳು ಒತ್ತಿದ್ದು ಪರದೆಯಲ್ಲಿ ಕಾಣುವಷ್ಟರಲ್ಲಿ ಎದುರಾಳಿ ಗುಂಡು ಹೊಡೆದಾಗಿರುತ್ತದೆ. ವಯರ್‌ನಲ್ಲಿ ಹಚ್ಚೋಣ ಎಂದರೆ ಅಗ್ಗದ ಬಹುತೇಕ ಮೊಬೈಲ್‌ಗಳ ಟೈಪ್-ಸಿ ಕಿಂಡಿಯಿಂದ ಚಿತ್ರ ಹೊರಗೆ ಬರುವುದೇ ಇಲ್ಲ. ಟೈಪ್-ಸಿ ಟು ಎಚ್‌ಡಿಎಂಐ ವಯರ್ ಕೊಳ್ಳುವ ಮುಂಚೆ ನಿಮ್ಮ ಫೋನ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇದೆಯಾ ನೋಡಿಕೊಳ್ಳಿ.

ಸ್ಟಿಕ್ ಮೇಲೆ ಓಡುವುದು ಆಸ್ಫಾಲ್ಟ್ 8ರಂಥ ಕಾರ್ ಓಟ, ಕ್ರಾಸಿ ರೋಡ್‌ನಂಥ ಸಣ್ಣ ಆಟಗಳು. ಇವುಗಳಿಗೆ ಒಳ್ಳೆಯ ಕಂಟ್ರೋಲರ್ ಇದ್ದರೆ ಮಜಾ ಇದೆ. ಮನೆಯಲ್ಲಿ ಆಟಕ್ಕೆ ತಕ್ಕ ಕಂಪ್ಯೂಟರ್ ಇದ್ದರೆ ಗೂಗಲ್ ಟಿವಿಯ ಸ್ಟೀಮ್ ಲಿಂಕ್ ಆ್ಯಪ್‌ನಿಂದ ಅದರ ಆಟವನ್ನು ಪಡಸಾಲೆಗೆ ತರಬಹುದು. ಆಗ ಕಂಪ್ಯೂಟರಿಗೂ ರೂಟರಿಗೂ ನಡುವೆ ಲ್ಯಾನ್ ವಯರ್ ಹಾಕಿ. ವೈಫೈ ಒಂದೇ ಕಡೆ ಇದ್ದರೆ ತಡೆತ ಕಡಿಮೆ.

ಈಗ ಕಂಟ್ರೋಲರ್, ಅಂದರೆ ಆಟಕ್ಕೆ ಕೈಯಲ್ಲಿ ಹಿಡಿಯುವ ಪ್ಯಾಡ್. ರೆಡ್‌ಗೇರ್, ಕಾಸ್ಮಿಕ್ ಬೈಟ್, ಇವೋಫಾಕ್ಸ್, ಆಂಟ್ ಇಸ್ಪೋರ್ಟ್ಸ್ ಎಂಬ ಹೆಸರುಗಳು ನಮ್ಮಲ್ಲಿ ಒಂದೂವರೆಯಿಂದ ಎರಡೂವರೆ ಸಾವಿರದೊಳಗೆ ಸಿಗುತ್ತವೆ. ಕೊಳ್ಳುವಾಗ ಕಾಲಿಗೆ ತೊಡರುವ ಕಲ್ಲು ಒಂದಿದೆ. ಡಬ್ಬಿ ಮೇಲೆ "ವೈರ್‌ಲೆಸ್" ಎಂದಷ್ಟೇ ಇದ್ದರೆ ಅದು ಬ್ಲೂಟೂತ್ ಎಂದರ್ಥ ಅಲ್ಲ. ಅಗ್ಗದ ವೈರ್‌ಲೆಸ್ ಪ್ಯಾಡ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನವು, ಉಗುರಿನಷ್ಟು ಯುಎಸ್‌ಬಿ ರಿಸೀವರ್ ಜೊತೆ ಬರುತ್ತವೆ. ಆ ರಿಸೀವರ್ ಚುಚ್ಚಲು ಸ್ಟಿಕ್‌ನಲ್ಲಿ ಕಿಂಡಿಯೇ ಇಲ್ಲ! ಟಿವಿಯ ಯುಎಸ್‌ಬಿಗೆ ಚುಚ್ಚಿದರೆ ಅದು ಟಿವಿಗೆ ಸಿಗುತ್ತದೆ, ಸ್ಟಿಕ್‌ಗೆ ಅಲ್ಲ. ಒಟಿಜಿ ಎಂಬ, ಯುಎಸ್‌ಬಿ ಕಿಂಡಿ ಕೂಡಿಸುವ ವಯರ್ ಹಾಕಿ ಹೊಂದಿಸುವವರಿದ್ದಾರೆ, ಸುಮ್ಮನೆ ತಲೆಬೇನೆ. ಸ್ಟಿಕ್ ಇರುವ ಮನೆಗೆ ಬ್ಲೂಟೂತ್ ಎಂದು ಸ್ಪಷ್ಟವಾಗಿ ಬರೆದ, ಆಂಡ್ರಾಯ್ಡ್‌ಗೆ ನಡೆಯುತ್ತದೆ ಎಂದು ಬರೆದ ಪ್ಯಾಡನ್ನೇ ತನ್ನಿ. ಶಿಯೋಮಿಯ ಹಳೇ ಮಿ ಬಾಕ್ಸ್ ತರ ಯುಎಸ್‌ಬಿ ಕಿಂಡಿ ಇರುವ ಬಾಕ್ಸ್ ಆದರೆ ಎಂಟುನೂರು, ಸಾವಿರದ ವಯರ್ ಪ್ಯಾಡ್ ಕೂಡ ಆಗುತ್ತದೆ. ವಯರ್ ಇದ್ದರೆ ಚಾರ್ಜ್ ಮಾಡುವ ಕಿರಿಕಿರಿ ಇಲ್ಲ.

ಪ್ಯಾಡನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡುವ ಒಂದು ಒಳ್ಳೆಯ ಉಪಾಯ ಇದೆ. ನಿಮ್ಮ ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಜೋಡಿಸಿ. ಬ್ರೌಸರ್‌ನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ಎಂದು ಹುಡುಕಿದರೆ ಪರೀಕ್ಷೆಯ ಪುಟಗಳು ಸಿಗುತ್ತವೆ. ಅದರಲ್ಲಿ ಎರಡು ಜಾಯ್‌ಸ್ಟಿಕ್‌ಗಳ ಸ್ಥಾನ ಅಂಕಿಯಲ್ಲಿ ಕಾಣುತ್ತದೆ. ಜಾಯ್‌ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ಒತ್ತಿ, ಥಟ್ಟನೆ ಬಿಡಿ. ಅಂಕಿ ಸೊನ್ನೆಗೆ, ಅಥವಾ ಸೊನ್ನೆಯ ತೀರಾ ಹತ್ತಿರಕ್ಕೆ ಬಂದು ನಿಲ್ಲಬೇಕು. 0.15, 0.2 ಎಂದು ಅಲ್ಲೇ ನಿಂತರೆ ಆಟದಲ್ಲಿ ಯಾರೂ ಮುಟ್ಟದಿದ್ದರೂ ಕಾರು ಎಡಕ್ಕೆ ಎಳೆಯುತ್ತಿರುತ್ತದೆ. ಇದಕ್ಕೇ ಡ್ರಿಫ್ಟ್ ಎನ್ನುವುದು. ಬಲಕ್ಕೆ, ಮೇಲೆ, ಕೆಳಗೆ ಹೀಗೇ ನೋಡಿ. ಆಮೇಲೆ ಹಿಂದಿನ ಎರಡು ದೊಡ್ಡ ಟ್ರಿಗರ್‌ಗಳನ್ನು ನಿಧಾನವಾಗಿ ಒತ್ತಿ. ಅಂಕಿ ಮೆಲ್ಲಗೆ ಏರಿದರೆ ಕಾರ್ ಆಟದಲ್ಲಿ ಆ್ಯಕ್ಸಿಲರೇಟರ್ ಹದವಾಗಿ ಒತ್ತಬಹುದು. ಒಮ್ಮೆಲೇ 1ಕ್ಕೆ ಹಾರಿದರೆ ಅದು ಬರೀ ಬಟನ್. ಡಬ್ಬಿ ಮೇಲೆ ಹಾಲ್ ಎಫೆಕ್ಟ್ ಎಂದಿದ್ದರೆ ಒಳಗೆ ಆಯಸ್ಕಾಂತದಿಂದ ಸ್ಥಾನ ಗುರುತಿಸುವ ಜಾಯ್‌ಸ್ಟಿಕ್ ಇದೆ ಎಂದರ್ಥ. ತಿಕ್ಕಾಟ ಇಲ್ಲದ್ದರಿಂದ ಬೇಗ ಸವೆಯುವುದಿಲ್ಲ. ಮೂರು-ನಾಲ್ಕು ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಯಾರದೋ ಮನೆಯ ಹಳೇ ಪಿಎಸ್4 ಅಥವಾ ಎಕ್ಸ್‌ಬಾಕ್ಸ್ ಪ್ಯಾಡ್ ಖಾಲಿ ಬಿದ್ದಿದ್ದರೆ ಅದನ್ನೇ ಬಳಸಿ. ಪಿಎಸ್4 ಪ್ಯಾಡ್‌ನಲ್ಲಿ ಪಿಎಸ್ ಬಟನ್ ಮತ್ತು ಶೇರ್ ಬಟನ್ ಒಟ್ಟಿಗೆ ಹಿಡಿದರೆ ಲೈಟು ಬೇಗ ಬೇಗ ಮಿಣುಕುತ್ತದೆ, ಆಗ ಸ್ಟಿಕ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಹುಡುಕಿ. ಎಕ್ಸ್‌ಬಾಕ್ಸ್‌ನದರಲ್ಲಿ 2016ಕ್ಕಿಂತ ಹಿಂದಿನವಕ್ಕೆ ಬ್ಲೂಟೂತ್ ಇಲ್ಲ. ಗುರುತು ಸುಲಭ: ನಡುವಿನ ಗುಂಡಿಯ ಸುತ್ತ ಹೊಳೆಯುವ ಬೇರೆ ಪ್ಲಾಸ್ಟಿಕ್ ತುಂಡು ಇದ್ದರೆ ಹಳೆಯದು, ಮುಂಭಾಗದ ಪ್ಲಾಸ್ಟಿಕ್ ಗುಂಡಿಯವರೆಗೂ ಒಂದೇ ಆಗಿದ್ದರೆ ಬ್ಲೂಟೂತ್ ಇರುವಂಥದ್ದು. ಪಿಎಸ್4 ಪ್ಯಾಡ್‌ನ ನಕಲು ಮಾರುಕಟ್ಟೆಯಲ್ಲಿ ರಾಶಿ ಇವೆ. ಸಾವಿರಕ್ಕೆ "ಒರಿಜಿನಲ್" ಎಂದರೆ ನಂಬಬೇಡಿ.

ಎರಡು ಪ್ಯಾಡ್ ಒಮ್ಮೆಲೇ ಬೇಡ. ಮೊದಲು ಒಂದು ಚೆನ್ನಾಗಿರುವುದನ್ನು ತಂದು ಮಕ್ಕಳು ಎಷ್ಟು ದಿನ ಆಡುತ್ತಾರೆ ನೋಡಿ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆಂದು ಅಕ್ಕ-ತಂಗಿಯರ ಮಕ್ಕಳೆಲ್ಲ ಬಂದು ಸೇರಿದಾಗ ಎರಡನೆಯದರ ಅಗತ್ಯ ತಾನಾಗಿಯೇ ಗೊತ್ತಾಗುತ್ತದೆ.

ಆಡುವ ಮುಂಚೆ ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಟಿವಿ ಚಿತ್ರವನ್ನು ಚಂದ ಮಾಡುವ ತನ್ನ ಕಸರತ್ತು ಬಿಟ್ಟು ಬಂದದ್ದನ್ನು ಬಂದ ಹಾಗೇ ತೋರಿಸುತ್ತದೆ. ಬಟನ್ ಒತ್ತಿದ್ದಕ್ಕೂ ಪರದೆಗೂ ನಡುವಿನ ತಡ ಕಡಿಮೆಯಾಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಬ್ಲೂಟೂತ್ ಸ್ಪೀಕರ್‌ನಲ್ಲಿ ಆಟದ ಸದ್ದು ತಡವಾಗಿ ಬರುತ್ತದೆ, ಆಟಕ್ಕೆ ಟಿವಿಯ ಸ್ಪೀಕರೇ ಇರಲಿ.

ಟೈಪ್ ಮಾಡಲು ಸಣ್ಣ ಕೀಬೋರ್ಡ್ ಬೇಕು ಎನ್ನುವವರು ಮೊದಲು ಮೊಬೈಲ್‌ನಲ್ಲಿ ಫೈರ್ ಟಿವಿ ಅಥವಾ ಗೂಗಲ್ ಟಿವಿ ಆ್ಯಪ್ ಹಾಕಿಕೊಳ್ಳಿ. ಮೊಬೈಲೇ ರಿಮೋಟ್ ಆಗುತ್ತದೆ.

"ಹತ್ತು ಸಾವಿರ ಗೇಮ್" ಸ್ಟಿಕ್

ಎರಡು ಪ್ಯಾಡ್ ಜೊತೆ ಬರುವ, ಮಾರಿಯೋ, ಕಾಂಟ್ರಾ ತುಂಬಿದ ಗೇಮ್ ಸ್ಟಿಕ್‌ಗಳು ಒಂದೂವರೆ-ಎರಡು ಸಾವಿರಕ್ಕೆ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕ್ಯಾಸೆಟ್ ಊದಿ ಊದಿ ಆಡಿದ ನಮ್ಮ ವಯಸ್ಸಿನವರಿಗೆ ಆಸೆ ಆಗುವುದು ಸಹಜ. ಹತ್ತು ಸಾವಿರದಲ್ಲಿ ಅರ್ಧ ಒಂದೇ ಆಟದ ಬೇರೆ ಬೇರೆ ಪ್ರತಿಗಳು. ಹೆಚ್ಚಿನವು ಕಂಪನಿಗಳ ಅನುಮತಿ ಇಲ್ಲದೆ ತುಂಬಿದವು. ಜೊತೆಗಿರುವ ಮೆಮೊರಿ ಕಾರ್ಡ್ ಕಳಪೆ, ಅದು ಕೆಟ್ಟ ದಿನ ಆಟಗಳೂ ಹೋದವು. ವೈಫೈ ಇಲ್ಲದ ಮಾದರಿ ಆದ್ದರಿಂದ ಕರಿ ಬಾಕ್ಸ್‌ನಂಥ ಅಪಾಯ ಇಲ್ಲ ಅನ್ನುವುದಷ್ಟೇ ಇದರ ಪರವಾಗಿ ಹೇಳಬಹುದಾದ ಮಾತು. ನಾನಾದರೆ ಆ ರೊಕ್ಕವನ್ನು ಒಂದು ಹಾಲ್ ಎಫೆಕ್ಟ್ ಪ್ಯಾಡ್‌ಗೆ ಹಾಕುತ್ತೇನೆ.

ಬಿಲ್ಲು, ಸೆಕೆಂಡ್ ಹ್ಯಾಂಡು

ಒಟ್ಟು ಲೆಕ್ಕ ಹಾಕಿದರೆ ಸ್ಟಿಕ್ ಮೂರೂವರೆ ಸಾವಿರ, ಪ್ಯಾಡ್ ಎರಡು ಸಾವಿರ, ಮಿನಿ ಯುಪಿಎಸ್ ಒಂದೂಕಾಲು ಸಾವಿರ. ಏಳು ಸಾವಿರದೊಳಗೇ ಆಯಿತು. ಉಳಿದದ್ದು ಒಂದೆರಡು ಆ್ಯಪ್‌ಗಳ ಚಂದಾಕ್ಕೆ.

ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್‌ನಲ್ಲಿ ಕೊಂಡರೂ, ಬೆಳಗಾವಿಯ ಖಡೇಬಜಾರ್‌ನಲ್ಲಿ ಕೊಂಡರೂ ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ. "ವಾರಂಟಿ ನಾವ ನೋಡ್ಕೋತೀವ್ರಿ" ಎಂಬ ಬಾಯಿಮಾತು ಸಾಲದು. ಸರ್ವಿಸ್ ಸೆಂಟರ್ ಎಲ್ಲಿದೆ, ಇಲ್ಲೇ ಇದೆಯಾ, ಹುಬ್ಬಳ್ಳಿಗೆ ಹೋಗಬೇಕಾ, ಕೊರಿಯರ್ ಕಳಿಸಿದರೆ ಆಗುತ್ತಾ ಎಂದು ಕೇಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಒಡೆಯುವುದನ್ನು ವಿಡಿಯೊ ಮಾಡಿಕೊಳ್ಳಿ. ತಕರಾರು ಬಂದು ಯಾರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಸೆಕೆಂಡ್ ಹ್ಯಾಂಡ್ ಸ್ಟಿಕ್ ಕೊಳ್ಳುವುದಾದರೆ ಮಾರುವವರ ಎದುರೇ ಅವರ ಅಕೌಂಟ್ ತೆಗೆಸಿ, ರೀಸೆಟ್ ಮಾಡಿಸಿ, ನಿಮ್ಮ ಅಕೌಂಟ್ ಹಾಕಿ ನೋಡಿ. ಕಳೆದುಹೋಗಿದೆ ಎಂದು ದೂರು ದಾಖಲಾದ ಫೈರ್ ಸ್ಟಿಕ್ ಬೇರೆಯವರ ಹೆಸರಿಗೆ ಆಗುವುದೇ ಇಲ್ಲ. ರಿಮೋಟ್‌ನ ಪ್ರತಿ ಬಟನ್ ಒತ್ತಿ ನೋಡಿ, ಒರಿಜಿನಲ್ ರಿಮೋಟ್ ಬೇರೆ ಕೊಳ್ಳಲು ಹೋದರೆ ಸ್ಟಿಕ್‌ನ ಅರ್ಧ ಬೆಲೆ ಬೀಳುತ್ತದೆ.

ಮನೆಗೆ ತಂದು ಹಚ್ಚಿದ ಮೇಲೆ ಮಕ್ಕಳ ಕೈಗೆ ಕೊಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಖರೀದಿಗೆ ಪಿನ್ ಇಡಿ. ಆಟದ ಒಳಗೆ ನಾಣ್ಯ, ವಜ್ರ ಎಂದು ಮಾರುವುದೆಲ್ಲ ನಿಜವಾದ ರೊಕ್ಕ. ಚಂದಾಗಳಿಗೆ ಯುಪಿಐ ಆಟೊಪೇ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೊಪೇ ಎಂಬ ವಿಭಾಗ ಇರುತ್ತದೆ, ಯಾವ್ಯಾವುದಕ್ಕೆ ಹೋಗುತ್ತಿದೆ ಎಂದು ಅಲ್ಲೇ ಕಾಣುತ್ತದೆ. ಬಿಗ್‌ ಬಾಸ್ ಮುಗಿದ ಮೇಲೂ, ಕ್ರಿಕೆಟ್ ಸರಣಿ ಮುಗಿದ ಮೇಲೂ ಕಟ್ ಆಗುತ್ತಿರುವ ಚಂದಾ ಇದ್ದರೆ ಅಲ್ಲಿಂದಲೇ ನಿಲ್ಲಿಸಬಹುದು.